ಮರಳಿ ಬೆಳೆಯುವ ಹೃದಯ, ಮರಳಿ ಬೆಳೆಯದ ಹೃದಯ

ಭತ್ತ ಕೊಯ್ಯುವಾಗ ಕುಡುಗೋಲು ತಾಗಿ ಬೆರಳು ಕೊಯ್ದರೆ ನಾವು ಅಷ್ಟಾಗಿ ಅಂಜುವುದಿಲ್ಲ. ಗಾಯ ತೊಳೆದು ಬಟ್ಟೆ ಕಟ್ಟಿದರೆ ಎಂಟು ಹತ್ತು ದಿನಗಳಲ್ಲಿ ಹೊಸ ಚರ್ಮ ಬಂದು ಮಾಯುತ್ತದೆ. ಎಲುಬು ಮುರಿದರೂ ಸರಿಯಾಗಿ ಕೂಡಿಸಿ ಕಟ್ಟಿದರೆ ಕೆಲವು ವಾರಗಳಲ್ಲಿ ಬೆಸೆದುಕೊಳ್ಳುತ್ತದೆ. ಯಕೃತ್ತಿನ ಒಂದು ಭಾಗವನ್ನು ಕತ್ತರಿಸಿ ಮತ್ತೊಬ್ಬರಿಗೆ ದಾನ ಮಾಡಿದರೂ ಉಳಿದ ಭಾಗವು ಕೆಲವು ತಿಂಗಳಲ್ಲಿ ಬಹುಮಟ್ಟಿಗೆ ಮೊದಲಿನ ಗಾತ್ರಕ್ಕೆ ಬೆಳೆಯುತ್ತದೆ. ದೇಹವು ತನ್ನ ಗಾಯವನ್ನು ತಾನೇ ಮಾಯಿಸಿಕೊಳ್ಳುತ್ತದೆ ಎಂಬ ನಂಬಿಕೆ ನಮ್ಮ ಹಿರಿಯರಲ್ಲಿ ಬೇರೂರಿರುವುದಕ್ಕೆ ಇಂತಹ ಅನುಭವಗಳೇ ಕಾರಣ. ಆದರೆ ಈ ನಂಬಿಕೆಯು ಸಲ್ಲದ ಒಂದು ಅಂಗ ನಮ್ಮೊಳಗಿದೆ. ಅದೇ ಹೃದಯ.

ಹೃದಯವೆಂಬುದು ನಮ್ಮ ಮುಷ್ಟಿಯಷ್ಟು ದೊಡ್ಡದಾದ ಸ್ನಾಯುವಿನ ಚೀಲ. ಅದು ದಿನವೊಂದಕ್ಕೆ ಸುಮಾರು 1 ಲಕ್ಷ ಬಾರಿ ಮಿಡಿಯುತ್ತದೆ. ಮೈಯೆಲ್ಲಕ್ಕೂ ರಕ್ತವನ್ನು ಹಂಚುವ ಈ ಅಂಗಕ್ಕೂ ತನ್ನದೇ ಆದ ರಕ್ತನಾಳಗಳು ಬೇಕು. ಆ ನಾಳಗಳ ಒಳಗೋಡೆಯಲ್ಲಿ ಕೊಬ್ಬು ಕಟ್ಟಿ, ಅದರ ಮೇಲೆ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿತೆಂದರೆ, ಆ ನಾಳವನ್ನು ನಂಬಿದ್ದ ಸ್ನಾಯುವಿನ ಭಾಗ ಉಸಿರಿಲ್ಲದೆ ಸಾಯತೊಡಗುತ್ತದೆ. ಇದನ್ನೇ ಹೃದಯಾಘಾತವೆಂದು ಕರೆಯುತ್ತೇವೆ. ಒಂದು ದೊಡ್ಡ ಆಘಾತದಲ್ಲಿ ಕೆಲವೇ ಗಂಟೆಗಳೊಳಗೆ ಸುಮಾರು 100 ಕೋಟಿ ಸ್ನಾಯುಕೋಶಗಳು ಅಳಿಯಬಲ್ಲವೆಂದು ವಿಜ್ಞಾನಿಗಳು ಅಂದಾಜು ಮಾಡಿದ್ದಾರೆ. ಅಳಿದ ಜಾಗದಲ್ಲಿ ಹೊಸ ಸ್ನಾಯು ಹುಟ್ಟುವುದಿಲ್ಲ. ನಾರಿನಂತಹ ಗಟ್ಟಿ ಕಲೆ ಬೆಳೆಯುತ್ತದೆ. ಕಲೆಯು ಗೋಡೆ ಒಡೆಯದಂತೆ ಹಿಡಿದಿಡುತ್ತದೆ, ಆದರೆ ಮಿಡಿಯಲಾರದು. ಉಳಿದ ಸ್ನಾಯು ಸತ್ತ ಭಾಗದ ದುಡಿಮೆಯನ್ನೂ ತಾನೇ ಹೊತ್ತು ವರುಷಗಳು ಕಳೆದಂತೆ ಸೋಲುತ್ತದೆ. ನಾಲ್ಕು ಹೆಜ್ಜೆ ನಡೆದರೆ ಏದುಸಿರು, ಕಾಲಿನಲ್ಲಿ ಬಾವು, ರಾತ್ರಿ ಮಲಗಿದರೆ ಉಸಿರುಗಟ್ಟುವಿಕೆ, ಇವು ಆ ಸೋಲಿನ ಗುರುತುಗಳು.

ಹಾಗಾದರೆ ಗಾಯಗೊಂಡ ಹೃದಯವನ್ನು ಮತ್ತೆ ಬೆಳೆಸಿಕೊಳ್ಳುವ ಜೀವಿ ಜಗತ್ತಿನಲ್ಲಿ ಇಲ್ಲವೇ? ಇದೆ. ಅದು ನಮ್ಮ ದೇಶದ್ದೇ ಆದ, ಕಿರುಬೆರಳಿನಷ್ಟೂ ಉದ್ದವಿಲ್ಲದ ಒಂದು ಮೀನು.

ಬೆಳ್ಳಿಯಂತಹ ಮೈಮೇಲೆ ತಲೆಯಿಂದ ಬಾಲದವರೆಗೆ ನೀಲಿ ಪಟ್ಟೆಗಳಿರುವುದರಿಂದ ಇದಕ್ಕೆ ಜೀಬ್ರಾ ಮೀನು ಎಂದು ಹೆಸರು. ಪೇಟೆಯ ಮನೆಗಳ ಗಾಜಿನ ತೊಟ್ಟಿಗಳಲ್ಲಿ ಓಡಾಡುವುದನ್ನು ನಮ್ಮಲ್ಲಿ ಅನೇಕರು ನೋಡಿರಬಹುದು. ಇದನ್ನು ವಿಜ್ಞಾನಲೋಕಕ್ಕೆ ಮೊದಲು ಪರಿಚಯಿಸಿದವರು ಕನ್ನಡನಾಡಿಗೆ ಅಪರಿಚಿತರಲ್ಲ. ಟಿಪ್ಪು ಸುಲ್ತಾನರ ಪತನದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆ ಮತ್ತು ಕನ್ನಡ ಕರಾವಳಿಯನ್ನು ಸುತ್ತಿ ಇಲ್ಲಿಯ ಬೇಸಾಯ, ಬೆಳೆ, ಕಸುಬುಗಳನ್ನು ಬರೆದಿಟ್ಟ ವೈದ್ಯ ಫ್ರಾನ್ಸಿಸ್ ಬುಕಾನನ್ ಅವರೇ ಅವರು. ಮುಂದೆ ಬಂಗಾಳದಲ್ಲಿ ಸಮೀಕ್ಷೆ ನಡೆಸಿ, ಹ್ಯಾಮಿಲ್ಟನ್ ಎಂಬ ಹೆಸರಿನಿಂದ 1822ರಲ್ಲಿ ಪ್ರಕಟಿಸಿದ ಗಂಗಾನದಿಯ ಮೀನುಗಳ ಗ್ರಂಥದಲ್ಲಿ ಅವರು ಈ ಮೀನನ್ನು ವರ್ಣಿಸಿದರು. ಇದರ ಕುಲಕ್ಕೆ ಇಟ್ಟ ಡ್ಯಾನಿಯೊ ಎಂಬ ಹೆಸರು ಬಂಗಾಳಿಯ 'ಧಾನಿ', ಅಂದರೆ ಭತ್ತದ ಗದ್ದೆಯದು, ಎಂಬ ಮಾತಿನಿಂದ ಬಂದಿತೆಂದು ಹೇಳುತ್ತಾರೆ. ನಿಧಾನವಾಗಿ ಹರಿಯುವ ಹಳ್ಳ, ನೀರಾವರಿ ಕಾಲುವೆ, ನೀರು ನಿಂತ ಗದ್ದೆ ಇವೇ ಅದರ ನೆಲೆ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ಬಳಗಾನೂರು, ಸಿಂಧನೂರು ಸೀಮೆಯ ಓದುಗರಿಗೆ ಅಂತಹ ನೀರು ಎಂತಹದೆಂದು ಬಣ್ಣಿಸಬೇಕಾಗಿಲ್ಲ.

ಗದ್ದೆಯ ಮೀನು ಪ್ರಯೋಗಶಾಲೆಗೆ ಬಂದ ಬಗೆಯೂ ಸ್ವಾರಸ್ಯಕರವಾಗಿದೆ. ಅಮೆರಿಕದ ಆರೆಗಾನ್ ವಿಶ್ವವಿದ್ಯಾಲಯದ ಜಾರ್ಜ್ ಸ್ಟ್ರೈಸಿಂಗರ್ ಎಂಬ ವಿಜ್ಞಾನಿ ಇದನ್ನು ವಂಶವಾಹಿಗಳ ಅಧ್ಯಯನಕ್ಕೆ ಆರಿಸಿಕೊಂಡು 1981ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಸಾಕಲು ಸುಲಭ, ಒಂದು ಜೋಡಿ ಒಂದೇ ಬಾರಿಗೆ ನೂರಾರು ಮೊಟ್ಟೆಗಳನ್ನಿಡುತ್ತದೆ, ಭ್ರೂಣವು ತಾಯಿಯ ಮೈಯಿಂದ ಹೊರಗೆ, ಗಾಜಿನಂತೆ ಪಾರದರ್ಶಕವಾಗಿ ಬೆಳೆಯುತ್ತದೆ. ಮೊಟ್ಟೆ ಫಲಿಸಿದ ಒಂದು ದಿನದಲ್ಲೇ ಅದರ ಎಳೆಯ ಹೃದಯ ಮಿಡಿಯುವುದನ್ನು ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ಕಾಣಬಹುದು. ಮೀನಿನ ಹೃದಯಕ್ಕೆ ಇರುವುದು ಒಂದು ಹೃತ್ಕರ್ಣ, ಒಂದು ಹೃತ್ಕುಕ್ಷಿ; ನಮ್ಮದಕ್ಕೆ ಎರಡೆರಡು. ಆದರೂ ಅದನ್ನು ಕಟ್ಟುವ ವಂಶವಾಹಿಗಳಲ್ಲಿ ಆಳವಾದ ನಂಟಿದೆ. 2013ರಲ್ಲಿ ಈ ಮೀನಿನ ಸಂಪೂರ್ಣ ವಂಶವಾಹಿ ನಕ್ಷೆ ಪ್ರಕಟವಾದಾಗ, ಮನುಷ್ಯನ ವಂಶವಾಹಿಗಳಲ್ಲಿ ಶೇಕಡ 70ರಷ್ಟಕ್ಕೆ ಮೀನಿನಲ್ಲಿ ಸರಿಸಾಟಿಯಾದವು ಇವೆಯೆಂದು ತಿಳಿದುಬಂದಿತು.

2002ರಲ್ಲಿ ಅಮೆರಿಕದ ಕೆನೆತ್ ಪಾಸ್, ಮಾರ್ಕ್ ಕೀಟಿಂಗ್ ಮತ್ತು ಅವರ ಸಂಗಡಿಗರು ಒಂದು ಪ್ರಯೋಗದ ವರದಿಯನ್ನು ಹೊರತಂದರು. ಮೀನಿಗೆ ಅರಿವಳಿಕೆ ಕೊಟ್ಟು, ಎದೆಯನ್ನು ಕಿರಿದಾಗಿ ತೆರೆದು, ಹೃತ್ಕುಕ್ಷಿಯ ತುದಿಯ ಸುಮಾರು ಐದನೆಯ ಒಂದು ಭಾಗವನ್ನು ಕತ್ತರಿಸಿ ತೆಗೆದು ಮತ್ತೆ ನೀರಿಗೆ ಬಿಟ್ಟರು. ಗಾಯದ ಬಾಯಿಗೆ ರಕ್ತ ಹೆಪ್ಪುಗಟ್ಟಿ ನಿಂತಿತು. ಎರಡು ತಿಂಗಳು ಕಳೆದು ನೋಡಿದಾಗ ಕತ್ತರಿಸಿದ ಭಾಗವು ಕಲೆಯಾಗಿ ಅಲ್ಲ, ಮಿಡಿಯುವ ಸ್ನಾಯುವಾಗಿಯೇ ಮರಳಿ ಬೆಳೆದಿತ್ತು.

ಇದು ಹೇಗೆ ಸಾಧ್ಯವಾಯಿತು? ಎಲ್ಲಿಯೋ ಅಡಗಿದ್ದ ಬೀಜಕೋಶಗಳು, ಅಂದರೆ ಮೂಲಕೋಶಗಳು, ಬಂದು ಕಟ್ಟಿರಬೇಕೆಂದು ಮೊದಲು ಊಹಿಸಲಾಗಿತ್ತು. 2010ರಲ್ಲಿ ಎರಡು ತಂಡಗಳು ಕೋಶಗಳಿಗೆ ಗುರುತು ಹಾಕಿ ಅವುಗಳ ಸಂತಾನವನ್ನು ಹಿಂಬಾಲಿಸಿದವು. ಗಾಯದ ಸುತ್ತ ಉಳಿದಿದ್ದ ಪ್ರಾಯದ ಸ್ನಾಯುಕೋಶಗಳೇ ತಮ್ಮ ಬಿಗಿಯಾದ ನಾರುಗಳನ್ನು ಸಡಿಲಿಸಿ, ಸ್ವಲ್ಪ ಮಟ್ಟಿಗೆ ಎಳೆತನಕ್ಕೆ ಮರಳಿ, ವಿಭಜನೆಗೊಂಡು ಹೊಸ ಸ್ನಾಯುವನ್ನು ಕಟ್ಟುತ್ತವೆಂದು ಕಂಡುಬಂದಿತು. ಹೃದಯದ ಹೊರಪೊರೆ, ಒಳಪೊರೆ, ನರಗಳು, ರಕ್ತದ ಬಿಳಿಕೋಶಗಳು ಇವೆಲ್ಲ ಸಂಜ್ಞೆಗಳನ್ನು ಕಳುಹಿಸಿ ಈ ಕೆಲಸಕ್ಕೆ ನೆರವಾಗುತ್ತವೆ.

ನಮ್ಮ ಸೀಮೆಯ ಒಂದು ನಿದರ್ಶನದಿಂದ ಇದನ್ನು ತಿಳಿಯಬಹುದು. ಕಾಲುವೆಯ ದಂಡೆ ಒಡೆದಾಗ ಮೊದಲು ಮರಳಿನ ಮೂಟೆಗಳನ್ನು ಪೇರಿಸಿ ನೀರನ್ನು ನಿಲ್ಲಿಸುತ್ತಾರೆ. ಅದು ತುರ್ತಿನ ಕೆಲಸ. ಆದರೆ ಅದೇ ಕಾಲುವೆಯಲ್ಲ. ಅನಂತರ ಮೂಟೆಗಳನ್ನು ತೆಗೆದು ದಂಡೆಯನ್ನು ಮೊದಲಿನಂತೆ ಕಟ್ಟಬೇಕು. ಮನುಷ್ಯನ ಹೃದಯ ಮೂಟೆ ಪೇರಿಸುವಲ್ಲಿಗೇ ನಿಲ್ಲುತ್ತದೆ. ಆ ಮೂಟೆಯೇ ಕಲೆ. ಹೃದಯದ ಒಂದು ಭಾಗವನ್ನು ಅತಿಶೀತದಿಂದ ಸಾಯಿಸಿ ನೋಡಿದಾಗ ಮೀನಿನಲ್ಲಿಯೂ ಮೊದಲು ಕಲೆ ಕಟ್ಟಿತು. ಆದರೆ ಬರಬರುತ್ತ ಅದು ಕರಗಿ, ಆ ಜಾಗದಲ್ಲಿ ಸ್ನಾಯು ಬೆಳೆಯಿತು. ಮೀನು ಎರಡೂ ಕೆಲಸಗಳನ್ನು ಮುಗಿಸುತ್ತದೆ.

ಮೀನುಗಳೆಲ್ಲವೂ ಹೀಗೆಯೇ ಎಂದು ಭಾವಿಸಬಾರದು. ಜಪಾನಿನ ಭತ್ತದ ಗದ್ದೆಗಳಲ್ಲಿ ವಾಸಿಸುವ ಮೆಡಾಕ ಎಂಬ ಮೀನಿನ ಹೃದಯ ಗಾಯಗೊಂಡರೆ ನಮ್ಮಂತೆಯೇ ಕಲೆ ಕಟ್ಟಿ ನಿಲ್ಲುತ್ತದೆ. ಈ ಎರಡು ಮೀನುಗಳನ್ನು ಎದುರುಬದುರು ಇಟ್ಟು ಅಧ್ಯಯನ ಮಾಡಿದವರು, ಗಾಯವಾದ ಕೂಡಲೇ ದೇಹದ ರಕ್ಷಣಾಕೋಶಗಳು ಎಷ್ಟು ಬೇಗ ಬಂದು ಹೇಗೆ ವರ್ತಿಸುತ್ತವೆ ಎಂಬುದರಲ್ಲಿ ದೊಡ್ಡ ಅಂತರವಿರುವುದನ್ನು ಕಂಡರು. ಒಂದರಲ್ಲಿ ಏನಿದೆ, ಇನ್ನೊಂದರಲ್ಲಿ ಏನು ಕೊರತೆ ಎಂದು ಹೋಲಿಸುವುದೇ ಈ ಸಂಶೋಧನೆಯ ದಾರಿ.

ನಮ್ಮೊಳಗೆ ಈ ಶಕ್ತಿಯ ಸುಳಿವೇ ಇಲ್ಲವೇ ಎಂದರೆ ಅದೂ ಅಲ್ಲ. 2009ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಒಂದು ಜಾಣ ಲೆಕ್ಕದಿಂದ ಇದನ್ನು ಅಳೆದರು. ಅಣುಬಾಂಬು ಪರೀಕ್ಷೆಗಳಿಂದ ವಾತಾವರಣದಲ್ಲಿ ಹೆಚ್ಚಿದ್ದ ವಿಕಿರಣಶೀಲ ಇಂಗಾಲದ ಪ್ರಮಾಣವನ್ನು ಹೃದಯದ ಕೋಶಗಳಲ್ಲಿ ನೋಡಿ, ಯಾವ ಕೋಶ ಯಾವ ಕಾಲದಲ್ಲಿ ಹುಟ್ಟಿತೆಂದು ಎಣಿಸಿದರು. 25ರ ಪ್ರಾಯದಲ್ಲಿ ವರುಷಕ್ಕೆ ಶೇಕಡ 1ರಷ್ಟು ಸ್ನಾಯುಕೋಶಗಳು ಹೊಸದಾಗುತ್ತವೆ. 75ರ ವಯಸ್ಸಿಗೆ ಅದು ಶೇಕಡ ಅರ್ಧಕ್ಕಿಂತ ಕಡಿಮೆಯಾಗುತ್ತದೆ. 2011ರಲ್ಲಿ ಅಮೆರಿಕದ ಮತ್ತೊಂದು ತಂಡ, ಹುಟ್ಟಿ ಒಂದು ದಿನವಾದ ಇಲಿಮರಿಯ ಹೃದಯ ಮೀನಿನಂತೆಯೇ ಮರಳಿ ಬೆಳೆಯುತ್ತದೆ, ಆದರೆ ಏಳು ದಿನಗಳೊಳಗೆ ಆ ಶಕ್ತಿ ಉಡುಗಿಹೋಗುತ್ತದೆ ಎಂದು ತೋರಿಸಿತು. ಸಸ್ತನಿಗಳ ಹೃದಯದಲ್ಲಿ ಆ ಶಕ್ತಿ ಜನ್ಮತಃ ಇದ್ದು ಬೇಗನೆ ಮುಚ್ಚಿಕೊಳ್ಳುತ್ತದೆ ಎಂಬ ಆಸೆ ಇದರಿಂದ ಮೂಡಿದೆ. ಮುಚ್ಚಿದ ಬಾಗಿಲನ್ನು ತೆರೆಯುವ ಕೀಲಿಯನ್ನು ಮೀನಿನಲ್ಲಿ ಹುಡುಕಲಾಗುತ್ತಿದೆ.

ಈ ಹುಡುಕಾಟ ಹೊರದೇಶಗಳಿಗೆ ಮಾತ್ರ ಸೀಮಿತವಲ್ಲ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಜೀಬ್ರಾ ಮೀನನ್ನು ಮಿದುಳು ಮತ್ತು ನರಗಳ ಅಧ್ಯಯನಕ್ಕೆ ಬಳಸುತ್ತಾರೆ. ಹೃದಯದ ವಿಷಯದಲ್ಲಿ ನಮಗೆ ನೆರೆಯ ಊರೆಂದರೆ ಪುಣೆ. ಅಲ್ಲಿಯ ಅಗರ್ಕರ್ ಸಂಶೋಧನ ಸಂಸ್ಥೆಯಲ್ಲಿ ಚಿನ್ಮಯ್ ಪಾತ್ರ ಅವರ ತಂಡವು, ಗಾಯವಾದಾಗ ಮೀನಿನ ಹೃದಯದಲ್ಲಿ ಹುಟ್ಟುವ ಒಂದು ಪ್ರೋಟೀನು ಮರುಬೆಳವಣಿಗೆಗೆ ನೆರವಾಗುತ್ತದೆಂದು 2021ರಲ್ಲಿ ಪ್ರಕಟಿಸಿತು. ಸಿಸಿಎನ್-2ಎ ಎಂಬುದು ಅದರ ಹೆಸರು. ಅದಿಲ್ಲದ ಮೀನಿನಲ್ಲಿ ಹೃದಯದ ದುರಸ್ತಿ ಕುಂಠಿತವಾಗುತ್ತದೆ. ವಿಚಿತ್ರವೆಂದರೆ ಇದೇ ಜಾತಿಯ ಪ್ರೋಟೀನು ಮನುಷ್ಯರಲ್ಲಿ ಕಲೆ ಬಲಿಯುವ ರೋಗಗಳೊಂದಿಗೆ ಸಂಬಂಧ ಹೊಂದಿದೆ. ಒಂದೇ ಪದಾರ್ಥ ಒಂದು ಮೈಯಲ್ಲಿ ಕಟ್ಟುತ್ತದೆ, ಇನ್ನೊಂದು ಮೈಯಲ್ಲಿ ಕೆಡಿಸುತ್ತದೆ. ಮೀನಿನದನ್ನು ತೆಗೆದು ಮನುಷ್ಯನಿಗೆ ಕೊಟ್ಟರಾಯಿತು ಎನ್ನುವಷ್ಟು ಈ ಮಾತು ಸುಲಭವಲ್ಲವೆಂಬುದಕ್ಕೆ ಇಷ್ಟು ಸಾಕು.

ಆಸೆಗೂ ಎಚ್ಚರಕ್ಕೂ ಒಂದೊಂದು ಉದಾಹರಣೆ ಹೇಳುತ್ತೇವೆ. 2025ರ ಆರಂಭದಲ್ಲಿ ನೆದರ್ಲೆಂಡ್ಸಿನ ಹ್ಯೂಬ್ರೆಕ್ಟ್ ಸಂಸ್ಥೆಯವರು, ಮೀನಿನ ಹೃದಯ ಬೆಳೆಯುವಾಗ ಕೆಲಸ ಮಾಡುವ ಎಚ್‌ಎಂಜಿಎ-1 ಎಂಬ ಪ್ರೋಟೀನನ್ನು ಗಾಯಗೊಂಡ ಇಲಿಯ ಹೃದಯದಲ್ಲಿ ಹುಟ್ಟುವಂತೆ ಮಾಡಿದರು. ಗಾಯದ ಅಂಚಿನ ಸ್ನಾಯುಕೋಶಗಳು ವಿಭಜನೆಗೊಂಡವು, ಹೃದಯದ ಕೆಲಸ ಸುಧಾರಿಸಿತು, ಗಾಯವಿಲ್ಲದ ಕಡೆ ಅತಿಬೆಳವಣಿಗೆ ಕಾಣಲಿಲ್ಲ. ಇದು ಆಸೆಯ ಸುದ್ದಿ. ಇನ್ನೊಂದು 2019ರದು. ಹೃದಯಾಘಾತವಾದ ಹಂದಿಗಳಿಗೆ, ಸ್ನಾಯುಕೋಶಗಳನ್ನು ವಿಭಜನೆಗೆ ಪ್ರಚೋದಿಸುವ ಒಂದು ಕಿರು ಆರ್‌ಎನ್‌ಎಯನ್ನು ಇಟಲಿ ಮತ್ತು ಇಂಗ್ಲೆಂಡಿನ ವಿಜ್ಞಾನಿಗಳು ಕೊಟ್ಟರು. ಒಂದು ತಿಂಗಳಲ್ಲಿ ಕಲೆ ಕುಗ್ಗಿ ಹೃದಯ ಚೇತರಿಸಿಕೊಂಡಿತು. ಆದರೆ ಪ್ರಚೋದನೆ ನಿಲ್ಲಲಿಲ್ಲ. ಎಳೆಯ ಕೋಶಗಳು ಅಂಕೆ ಮೀರಿ ಬೆಳೆದು, ಬಡಿತದ ಲಯ ತಪ್ಪಿ, ಆ ಹಂದಿಗಳಲ್ಲಿ ಬಹುಪಾಲು ಹಠಾತ್ತನೆ ಸತ್ತವು. ಹೃದಯವನ್ನು ಬೆಳೆಸುವುದು ಒಂದು ವಿದ್ಯೆ, ಸಕಾಲದಲ್ಲಿ ನಿಲ್ಲಿಸುವುದು ಮತ್ತೊಂದು ವಿದ್ಯೆ. ಮೀನಿಗೆ ಎರಡೂ ಗೊತ್ತು. ನಾವು ಇನ್ನೂ ಕಲಿಯುತ್ತಿದ್ದೇವೆ.

ಇಲ್ಲಿಗೆ ಬಂದಾಗ ನಮ್ಮ ಮನೆಗಳಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ದಯೆಯನ್ನು ಬಾಳಿನ ನಿಯಮವೆಂದು ಒಪ್ಪಿದ, ಮಾಂಸವನ್ನು ಮುಟ್ಟದ ಮನೆತನದವರು, ಮೂಕಜೀವಿಯ ಎದೆ ಸೀಳುವ ಈ ವಿದ್ಯೆಯನ್ನು ಮೆಚ್ಚಬಹುದೇ? ಮಗಳು ಜೀವವಿಜ್ಞಾನ ಓದಿ ಇಂತಹ ಪ್ರಯೋಗಶಾಲೆಗೆ ಸೇರಿದರೆ ತಾಯಿತಂದೆಗಳು ಏನೆನ್ನಬೇಕು? ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವುದು ನಮಗೆ ಒಪ್ಪಿಗೆಯಿಲ್ಲ. ಮೀನಿಗೂ ನೋವಿದೆ ಎಂಬುದನ್ನು ಒಪ್ಪಿಯೇ ಮುಂದೆ ಹೋಗಬೇಕು. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ನಮ್ಮ ದೇಶದಲ್ಲಿ ಪ್ರಾಣಿಗಳ ಮೇಲಿನ ಪ್ರಯೋಗಗಳನ್ನು ನಿಯಂತ್ರಿಸುವ ಸಮಿತಿಯಿದೆ. ಪ್ರತಿ ಸಂಸ್ಥೆಯಲ್ಲಿಯೂ ನೀತಿ ಸಮಿತಿಯು ಮೊದಲೇ ಪರಿಶೀಲಿಸಿ ಒಪ್ಪಿಗೆ ಕೊಡಬೇಕು. ಪ್ರಾಣಿಯಿಲ್ಲದೆ ಆಗುವುದಾದರೆ ಪ್ರಾಣಿ ಬೇಡ. ಬೇಕೇ ಆದರೆ ಎಷ್ಟು ಕಡಿಮೆ ಸಾಧ್ಯವೋ ಅಷ್ಟು. ಅವುಗಳಿಗೂ ನೋವು ಆದಷ್ಟು ಕಡಿಮೆಯಾಗಬೇಕು. ಈ ಮೂರು ಸೂತ್ರಗಳನ್ನು 1959ರಲ್ಲಿ ಇಬ್ಬರು ಇಂಗ್ಲಿಷ್ ವಿಜ್ಞಾನಿಗಳು ಮುಂದಿಟ್ಟರು. ಇವುಗಳನ್ನು ಮನಸ್ಸಿನಿಂದ ಪಾಲಿಸುವ ವಿಜ್ಞಾನಿ ದಯೆಯಿಂದ ದೂರ ಸರಿದವನಲ್ಲ. ದಯೆಯುಳ್ಳ ಮನೆಯ ಮಕ್ಕಳು ಅಂತಹ ಪ್ರಯೋಗಶಾಲೆಯಲ್ಲಿರುವುದೇ ಒಳ್ಳೆಯದೆಂದು ನಮ್ಮ ಭಾವನೆ. ಒಂದು ಮೀನನ್ನಾದರೂ ವ್ಯರ್ಥವಾಗಿ ಕೊಲ್ಲಬಾರದೆಂದು ಹೇಳುವವರು ಅಲ್ಲಿ ಬೇಕು.

ಇನ್ನು ನಾವು ಒತ್ತಿ ಹೇಳಬೇಕಾದ ಮಾತಿಗೆ ಬರುತ್ತೇವೆ. ಇಷ್ಟೆಲ್ಲ ಸಂಶೋಧನೆಯ ಬಳಿಕವೂ, ಸತ್ತ ಹೃದಯಸ್ನಾಯುವನ್ನು ಮನುಷ್ಯರಲ್ಲಿ ಮರಳಿ ಬೆಳೆಸುವ ಔಷಧಿ ಇಂದು ಯಾವ ಅಂಗಡಿಯಲ್ಲಿಯೂ ಇಲ್ಲ. ನಾಳದಲ್ಲಿ ಸ್ಟೆಂಟ್ ಇಟ್ಟರೆ ಅಥವಾ ಬೈಪಾಸ್ ಮಾಡಿದರೆ ರಕ್ತದ ದಾರಿ ತೆರೆಯುತ್ತದೆ, ಬದುಕಿರುವ ಸ್ನಾಯು ಉಳಿಯುತ್ತದೆ, ಸತ್ತದ್ದು ಏಳುವುದಿಲ್ಲ. ಮೂಲಕೋಶಗಳ ಚುಚ್ಚುಮದ್ದಿನಿಂದ ಹೃದಯವನ್ನು ಹೊಸದು ಮಾಡಿಕೊಡುತ್ತೇವೆಂದು ಲಕ್ಷಗಟ್ಟಲೆ ಹಣ ಕೇಳುವವರು ಅಲ್ಲಲ್ಲಿ ಇದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನ ಪರಿಷತ್ತಿನ 2017ರ ಮಾರ್ಗಸೂಚಿಯು, ರಕ್ತದ ಕೆಲವು ಕಾಯಿಲೆಗಳಿಗೆ ಮಾಡುವ ಅಸ್ಥಿಮಜ್ಜೆಯ ಕಸಿಯಂತಹ ಒಪ್ಪಿತ ಚಿಕಿತ್ಸೆಗಳನ್ನು ಬಿಟ್ಟರೆ, ಮೂಲಕೋಶಗಳನ್ನು ನಿಯಮಬದ್ಧ ಪ್ರಯೋಗದ ಹೊರಗೆ ಚಿಕಿತ್ಸೆಯೆಂದು ಮಾರಬಾರದೆಂದು ಸ್ಪಷ್ಟವಾಗಿ ಹೇಳಿದೆ. ಹೊಲ ಮಾರಿ ಅಂತಹವರ ಕೈಗೆ ಹಣ ಕೊಡುವ ಮುನ್ನ ನಮ್ಮ ಬಂಧುಗಳು ಇದನ್ನು ನೆನೆಯಬೇಕು.

ನಮ್ಮ ಹೃದಯ ಮರಳಿ ಬೆಳೆಯುವುದಿಲ್ಲವೆಂದಾದ ಮೇಲೆ, ಇರುವುದನ್ನು ಉಳಿಸಿಕೊಳ್ಳುವುದೇ ಜಾಣತನ. ಇಲ್ಲಿ ಹೊತ್ತು ಎಂಬುದೇ ಔಷಧಿ. ಎದೆಯ ನಡುವೆ ಭಾರವಿಟ್ಟಂತೆ ಒತ್ತುವ ನೋವು, ಅದು ಎಡಗೈಗೋ ದವಡೆಗೋ ಬೆನ್ನಿಗೋ ಹರಿಯುವುದು, ತಣ್ಣನೆಯ ಬೆವರು, ಉಸಿರಾಟದ ಕಷ್ಟ ಇವು ಲಕ್ಷಣಗಳು. ಹೆಣ್ಣುಮಕ್ಕಳಲ್ಲಿಯೂ ಸಕ್ಕರೆ ಕಾಯಿಲೆಯವರಲ್ಲಿಯೂ ನೋವು ಅಷ್ಟಾಗಿ ಕಾಣದೆ, ಸುಸ್ತು, ವಾಕರಿಕೆ, ಉಬ್ಬಸ ಮಾತ್ರ ಇರಬಹುದು. ನಮ್ಮ ಮನೆಗಳಲ್ಲಿ ಇದನ್ನು ವಾಯುವೆಂದು ತಿಳಿದು ಸೋಡಾ ಕುಡಿಸಿ, ಅಜವಾನ ಅಗಿಸಿ, ಬೆಳಗಾಗಲಿ ನೋಡೋಣ ಎನ್ನುವುದು ವಾಡಿಕೆ. ಮನೆಯ ತಾಯಂದಿರಂತೂ ಅಡಿಗೆ ಮುಗಿಯುವವರೆಗೆ, ಕಣದ ರಾಶಿ ಮುಗಿಯುವವರೆಗೆ ಬಾಯಿಬಿಟ್ಟು ಹೇಳುವುದೇ ಇಲ್ಲ. ಆ ಒಂದೊಂದು ಗಂಟೆಯಲ್ಲಿ ಕೋಟಿಗಟ್ಟಲೆ ಕೋಶಗಳು ಅಳಿಯುತ್ತಿರುತ್ತವೆ. ಅವುಗಳಲ್ಲಿ ಒಂದೂ ಮರಳಿ ಬಾರದು.

ಬಳಗಾನೂರಿನಂತಹ ಊರಿನಿಂದ ಇಂತಹ ಚಿಕಿತ್ಸೆಗೆ ಸಿಂಧನೂರಿಗೋ ಲಿಂಗಸುಗೂರಿಗೋ, ಅಲ್ಲಿಂದ ಮುಂದೆ ರಾಯಚೂರಿಗೋ ಹೋಗಬೇಕಾಗುತ್ತದೆ. ಜಯದೇವ ಹೃದ್ರೋಗ ಸಂಸ್ಥೆಯ ಶಾಖೆ ಇರುವುದು ಕಲಬುರಗಿಯಲ್ಲಿ. ದೂರ ಹೆಚ್ಚಾದಷ್ಟೂ ಹೊರಡುವುದು ಬೇಗನಾಗಬೇಕು. 108ಕ್ಕೆ ಫೋನ್ ಮಾಡಬೇಕು, ರೋಗಿಯನ್ನು ನಡೆಸಬಾರದು, ಮೋಟಾರು ಸೈಕಲ್ಲಿನ ಮೇಲೆ ಕೂರಿಸಬಾರದು. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಇಸಿಜಿ ಮಾಡಿಸಿಕೊಳ್ಳುವುದು ಮೊದಲ ಕೆಲಸ. ರಾಜ್ಯ ಸರ್ಕಾರವು 2023ರಲ್ಲಿ ಪ್ರಕಟಿಸಿದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯ ಉದ್ದೇಶವೂ ಇದೇ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರು ಕೆಲವೇ ನಿಮಿಷಗಳಲ್ಲಿ ನೋಡಿ, ಅಗತ್ಯವಿದ್ದರೆ ಹೆಪ್ಪನ್ನು ಕರಗಿಸುವ ಟೆನೆಕ್ಟೆಪ್ಲೇಸ್ ಎಂಬ ಬೆಲೆಬಾಳುವ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡಿಸುವ ಏರ್ಪಾಡು ಅದು. ಈ ಮದ್ದು ಮೊದಲ ಒಂದೆರಡು ಗಂಟೆಗಳಲ್ಲಿ ಹೆಚ್ಚು ಫಲ ಕೊಡುತ್ತದೆ. ಹನ್ನೆರಡು ಗಂಟೆ ಮೀರಿದರೆ ಸಾಮಾನ್ಯವಾಗಿ ಕೊಡುವುದಿಲ್ಲ. ತಮ್ಮೂರಿಗೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಈ ಸೌಲಭ್ಯವಿದೆಯೆಂಬುದನ್ನು ಪ್ರತಿ ಮನೆಯವರೂ ಆರೋಗ್ಯವಾಗಿರುವಾಗಲೇ ವಿಚಾರಿಸಿ ಗೋಡೆಯ ಮೇಲೆ ಬರೆದಿಟ್ಟುಕೊಳ್ಳಬೇಕು.

ಬೀಡಿ, ಸಿಗರೇಟು, ತಂಬಾಕನ್ನು ಬಿಡುವುದು, ರಕ್ತದೊತ್ತಡ ಮತ್ತು ಸಕ್ಕರೆಯನ್ನು ವರುಷಕ್ಕೊಮ್ಮೆಯಾದರೂ ಪರೀಕ್ಷಿಸಿಕೊಳ್ಳುವುದು, ವೈದ್ಯರು ಕೊಟ್ಟ ಗುಳಿಗೆಯನ್ನು ಮೈ ಹಗುರವಾಯಿತೆಂದು ತಾವೇ ನಿಲ್ಲಿಸದಿರುವುದು, ದಿನವೂ ಅರ್ಧ ಗಂಟೆ ನಡೆಯುವುದು, ಇವು ಎಲ್ಲರೂ ಬಲ್ಲ ಮಾತುಗಳು. ಬಲ್ಲುದನ್ನು ಆಚರಿಸುವುದಷ್ಟೇ ಉಳಿದಿದೆ.

ವಿಜ್ಞಾನಿಗಳು ತಮ್ಮ ಕೆಲಸವನ್ನು ಮಾಡುತ್ತಿದ್ದಾರೆ. ಇಂದಲ್ಲ ನಾಳೆ, ಆ ಪಟ್ಟೆಮೀನಿನಿಂದ ಕಲಿತ ಪಾಠ ನಮ್ಮ ಮಕ್ಕಳ ಕಾಲಕ್ಕಾದರೂ ಔಷಧಿಯಾಗಿ ಬರಲೆಂದು ಹಾರೈಸೋಣ. ಅಲ್ಲಿಯವರೆಗೆ ಪ್ರತಿಯೊಬ್ಬರಿಗೂ ಇರುವುದು ಒಂದೇ ಹೃದಯ, ಹುಟ್ಟಿನೊಡನೆ ಬಂದದ್ದು. ಮನೆಯಲ್ಲಿ ಯಾರಾದರೂ ಎದೆ ಹಿಡಿದುಕೊಂಡು ಕುಳಿತರೆ ಬೆಳಗಿನವರೆಗೆ ಕಾಯುವುದು ಬೇಡ.